ಗುಡ್ಡವನ್ನು ಉಳಿಸಿದೆವು, ಅರಿತೆವೇ?

(ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನಾನು ಪ್ರವಚನ ಹೇಳುವವನಲ್ಲ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಈಗ ನನ್ನ ಕಾಯಕ ಒಂದೇ. ತಿಂಗಳಿಗೆ ಎರಡು ರವಿವಾರ ಇಪ್ಪತ್ತು ಮಕ್ಕಳನ್ನು ಕಪ್ಪತಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ, ನಡೆಸುತ್ತೇನೆ, ಕೂಡಿಸುತ್ತೇನೆ, ಏನಾದರೂ ಬರೆಸುತ್ತೇನೆ, ವಾಪಸ್ಸು ಮನೆಗೆ ಮುಟ್ಟಿಸುತ್ತೇನೆ. ಪೂಜ್ಯರು ‘ಅದನ್ನೇ ಹೇಳಿರಿ’ ಎಂದು ಅಪ್ಪಣೆ ಮಾಡಿದ್ದಾರೆ. ಅದನ್ನೇ ಹೇಳುತ್ತೇನೆ. ಕೊನೆಗೆ ತಮ್ಮಲ್ಲಿ ಒಂದು ಬೇಡಿಕೆ ಇದೆ, ಅದನ್ನೂ ಹೇಳಿ ಮುಗಿಸುತ್ತೇನೆ.

ಈ ಸಭೆಯಲ್ಲಿ ಕುಳಿತ ಹಿರಿಯರಿಗೆ ಕಪ್ಪತಗುಡ್ಡದ ಹೋರಾಟ ಹೊಸದಲ್ಲ. ಗದುಗಿನ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ 60 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಈ ಗುಡ್ಡದ ಸಾಲು ಮಲಗಿದೆ. ಹೊಟ್ಟೆಯಲ್ಲಿ ಕಬ್ಬಿಣ, ಮ್ಯಾಂಗನೀಸ್, ಬಂಗಾರ. ಮೈಮೇಲೆ ಔಷಧಿ ಗಿಡ. ಹೊಟ್ಟೆಯೊಳಗಿನದು ಬೇಕೆನ್ನುವವರಿಗೂ ಮೈಮೇಲಿನದು ಉಳಿಯಲಿ ಎನ್ನುವವರಿಗೂ ಬಹಳ ವರ್ಷ ಜಗ್ಗಾಟ ನಡೆಯಿತು. 2015ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಘೋಷಿಸಿತು. ವರ್ಷ ತುಂಬುವುದರೊಳಗೆ, 2016ರ ನವೆಂಬರಿನಲ್ಲಿ, ಆ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಆಗ ಎದ್ದು ನಿಂತವರು ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರು. 2011ರಲ್ಲಿ ಹಳ್ಳಿಗುಡಿ ಭಾಗದ ರೈತರ ಭೂಮಿಗಾಗಿ ಪೋಸ್ಕೊ ಉಕ್ಕಿನ ಕಾರ್ಖಾನೆಯ ವಿರುದ್ಧ ನಿಂತವರೂ ಅವರೇ. 2017ರ ಫೆಬ್ರುವರಿಯಲ್ಲಿ ಗದುಗಿನಲ್ಲಿ ಅಹೋರಾತ್ರಿ ಧರಣಿ ಕುಳಿತರು. ನಂದಿವೇರಿ ಮಠದ ಶಿವಕುಮಾರ ಸ್ವಾಮೀಜಿಯವರು ಇದ್ದರು. ರೈತರು, ಸಾಹಿತಿಗಳು, ವಿದ್ಯಾರ್ಥಿಗಳು, ಹೆಣ್ಣುಮಕ್ಕಳು ಇದ್ದರು. ಅದೇ ವರ್ಷ ಮೀಸಲು ಪ್ರದೇಶದ ಸ್ಥಾನ ಮರಳಿ ಬಂತು. 2018ರ ಅಕ್ಟೋಬರಿನಲ್ಲಿ ಪೂಜ್ಯರು ಲಿಂಗೈಕ್ಯರಾದರು. ಮುಂದಿನ ವರ್ಷ, 2019ರ ಮೇ ತಿಂಗಳಲ್ಲಿ, ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು. ಅದನ್ನು ಕಾಣಲು ಅವರು ಇರಲಿಲ್ಲ.

ಆ ಧರಣಿಯಲ್ಲಿ ನಾನೂ ಕುಳಿತಿದ್ದೆ. ಎರಡನೆಯ ದಿನ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು ಕುಳಿತಳು. ನಾನು ಗಂಟಲು ಹರಿಯುವ ಹಾಗೆ ಘೋಷಣೆ ಕೂಗುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಆಕೆ ಮೆಲ್ಲಗೆ ಕೇಳಿದಳು: “ಸರ, ನೀವು ಗುಡ್ಡಾ ಹತ್ತೀರೇನ್ರಿ?”

ಹತ್ತಿದ್ದೆ. ಜಾತ್ರೆಗೆ ಹೋಗಿ ಕಪ್ಪತ ಮಲ್ಲೇಶ್ವರನ ಗುಡಿಯ ಮುಂದೆ ಕಾಯಿ ಒಡೆಸಿ ಇಳಿದು ಬಂದಿದ್ದೆ. “ಅಲ್ಲಿ ಯಾವ್ಯಾವ ಗಿಡಾ ಅದಾವ್ರಿ ಸರ?” ಎಂದಳು. ಬೇವು ಎಂದೆ, ನೆಲ್ಲಿ ಎಂದೆ, ಸೀತಾಫಲ ಎಂದೆ. ಮುಂದೆ ಬಾಯಿ ನಿಂತಿತು. ಇವು ನಮ್ಮ ಹಿತ್ತಲಲ್ಲೂ ಇರುವ ಗಿಡಗಳು. ವಿಜ್ಞಾನದ ಮಾಸ್ತರ, ಔಷಧಿ ಗಿಡಗಳ ಗುಡ್ಡವನ್ನು ಉಳಿಸಲು ಧರಣಿ ಕುಳಿತವನು, ಆ ಗುಡ್ಡದ ಐದು ಗಿಡಗಳ ಹೆಸರು ಹೇಳಲಾರದೆ ಹೋದೆ.

ಬಂಧುಗಳೇ, ನಮ್ಮಲ್ಲಿ ಅರಿವು, ಆಚಾರ ಎಂಬ ಎರಡು ಮಾತುಗಳನ್ನು ಜೋಡಿಯಾಗಿಯೇ ಆಡುತ್ತೇವೆ. ಅಂದು ನನ್ನಲ್ಲಿ ಆಚಾರದ ಹುಮ್ಮಸ್ಸು ಇತ್ತು, ಅರಿವು ಇರಲಿಲ್ಲ. ಆ ಹುಡುಗಿಯ ಪ್ರಶ್ನೆಯಿಂದಲೇ ನಮ್ಮ ನಡಿಗೆ ಶುರುವಾಯಿತು.

ಮೊದಲ ನಡಿಗೆಯಲ್ಲಿ ನಾನು ಮಾಡಿದ ತಪ್ಪನ್ನು ತಮ್ಮ ಮುಂದೆ ಮುಚ್ಚಿಡುವುದಿಲ್ಲ. 2017ರ ಮಳೆಗಾಲ. ನಲವತ್ತು ಮಕ್ಕಳನ್ನು ಕರೆದುಕೊಂಡು ಹೋದೆ. ಕೈಯಲ್ಲಿ ಹಳೆಯ ಪತ್ರಿಕೆ, ರಟ್ಟು. “ಒಬ್ಬೊಬ್ಬರು ಹತ್ತು ಗಿಡ ತರ್ರಿ, ಒಣಗಿಸಿ ಅಂಟಿಸೋಣ” ಎಂದೆ. ಮಕ್ಕಳು ಹುರುಪಿನಿಂದ ಹರಡಿಕೊಂಡರು. ಅರ್ಧ ತಾಸಿನಲ್ಲಿ ನಾನೂರು ಗಿಡಗಳು ಬೇರುಸಮೇತ ಬಂದು ಬಿದ್ದವು. ಅದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಬಂದ ಅಜ್ಜನೊಬ್ಬ ನಿಂತು ನೋಡಿದ. “ಸರ, ನನ್ನ ಕುರಿ ಬೇರ ಬಿಟ್ಟು ತಿಂತಾವ್ರೀ” ಎಂದಷ್ಟೇ ಹೇಳಿ ಮುಂದೆ ನಡೆದ.

ಆ ಮಾತು ಇಂದಿಗೂ ಕಿವಿಯಲ್ಲಿದೆ. ಗಣಿಯವರು ಗುಡ್ಡವನ್ನು ಅಗೆಯುತ್ತಾರೆ ಎಂದು ಕೂಗಿದವನು ನಾನು. ನಾನೂ ಅಗೆಸಿದ್ದೆ, ನಲವತ್ತು ಚಿಕ್ಕ ಕೈಗಳಿಂದ. ಅಂದಿನಿಂದ ನಮ್ಮ ನಡಿಗೆಗೆ ಮೂರು ಕಟ್ಟಳೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ಜೊತೆಗೆ ಗಾರ್ಡ್ ಇಲ್ಲದೆ ಒಳಗೆ ಕಾಲಿಡುವುದಿಲ್ಲ. ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳಿಲ್ಲ. ಗುಡ್ಡದಿಂದ ಕಲ್ಲು, ಎಲೆ, ಗರಿ ಏನನ್ನೂ ತರುವುದಿಲ್ಲ, ಪುಸ್ತಕದಲ್ಲಿ ಬರೆದದ್ದನ್ನು ಬಿಟ್ಟು. ವನ್ಯಜೀವಿ ಧಾಮವಾದ ಮೇಲೆ ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತೂ ಹೌದು. ಆದರೆ ನಮಗೆ ಅದನ್ನು ಮೊದಲು ಕಲಿಸಿದವನು ಆ ಕುರಿ ಕಾಯುವ ಅಜ್ಜ.

ಏನನ್ನೂ ತರಬಾರದು ಎಂದ ಮೇಲೆ ಮಕ್ಕಳು ಮಾಡುವುದೇನು? ಇಲ್ಲಿಯೇ ನನಗೆ ನಿಜವಾದ ಪಾಠ ಶುರುವಾದದ್ದು. ಕೆಲವು ಆಟಗಳನ್ನು ಹೇಳುತ್ತೇನೆ. ತಾಯಂದಿರು, ಶಿಕ್ಷಕರು ತಮ್ಮ ಊರಿನ ಕೆರೆ ದಂಡೆಯ ಮೇಲೂ ಆಡಿಸಬಹುದು.

ಒಂದು, ಸದ್ದಿನ ನಕ್ಷೆ. ಹಾಳೆಯ ನಡುವೆ ಒಂದು ಚುಕ್ಕಿ. ಅದು ನೀವು. ಕಣ್ಣು ಮುಚ್ಚಿ ಹತ್ತು ನಿಮಿಷ ಕೂಡಬೇಕು. ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಸದ್ದು ಬಂತೋ ಅಲ್ಲಿ ಒಂದು ಗುರುತು ಹಾಕಬೇಕು. ಮೊದಲ ಎರಡು ನಿಮಿಷ ನಗು, ಪಿಸುಮಾತು. ಐದನೆಯ ನಿಮಿಷಕ್ಕೆ ಗುಡ್ಡ ಮಾತಾಡಲು ಶುರು ಮಾಡುತ್ತದೆ. ಟಿಟ್ಟಿಭ ಕಿರುಚುತ್ತದೆ, ಪಿಕಳಾರ ಹಾಡುತ್ತದೆ, ದೂರದಲ್ಲಿ ನವಿಲು ಕೂಗುತ್ತದೆ. ಹುಲ್ಲಿನ ಸದ್ದು ಬೇರೆ, ಎಲೆಯ ಸದ್ದು ಬೇರೆ ಎಂದು ತಿಳಿಯುತ್ತದೆ. ಒಮ್ಮೆ ಒಬ್ಬ ಹುಡುಗಿ ಹಾಳೆಯ ತುಂಬ ಒಂದೇ ದೊಡ್ಡ ಚಕ್ರ ಬರೆದಿದ್ದಳು. ಅದು ಗಾಳಿ ಗಿರಣಿ, ಗುಡ್ಡದ ಏಣಿನ ಮೇಲೆ ನಿಂತ ಗಾಳಿ ವಿದ್ಯುತ್ತಿನ ರೆಕ್ಕೆ. “ಸರ, ಅದರ ಸದ್ದಿನೊಳಗ ಉಳದದ್ದು ಕೇಳಸಲೇ ಇಲ್ಲ” ಎಂದಳು. ಹೊಗೆ ಇಲ್ಲದ ಕರೆಂಟು ಒಳ್ಳೆಯದು ಎಂದು ನಾನೇ ತರಗತಿಯಲ್ಲಿ ಕಲಿಸಿದ್ದೆ. ಅದು ಸುಳ್ಳಲ್ಲ. ಆದರೆ ಅದಕ್ಕಾಗಿ ಏಣಿನ ಮೇಲೆ ರಸ್ತೆ ಕಡಿಯಬೇಕು, ಸದ್ದು ಸಹಿಸಬೇಕು ಎಂಬುದೂ ಸುಳ್ಳಲ್ಲ. ಆ ದಿನ ಮಕ್ಕಳು ಮರದ ಕೆಳಗೆ ಕುಳಿತು ಒಂದು ತಾಸು ವಾದ ಮಾಡಿದರು. ನಾನು ತೀರ್ಪು ಕೊಡಲಿಲ್ಲ.

ಎರಡು, ಮೊಳದ ಹೊಲ. ಒಂದು ದಾರದಿಂದ ನೆಲದ ಮೇಲೆ ಮೊಳ ಉದ್ದ, ಮೊಳ ಅಗಲದ ಚೌಕ ಮಾಡಬೇಕು. ಅರ್ಧ ತಾಸು ಅದನ್ನೇ ನೋಡಬೇಕು. ‘ಏನೂ ಇಲ್ಲರಿ ಸರ’ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಆಮೇಲೆ ಒಬ್ಬನಿಗೆ ಸಡಿಲ ಮಣ್ಣಿನಲ್ಲಿ ಆಲಿಕೆಯಂಥ ಸಣ್ಣ ಕುಳಿ ಕಾಣುತ್ತದೆ. ತಳದಲ್ಲಿ ಒಂದು ಹುಳು ಅಡಗಿ ಕುಳಿತಿದೆ. ದಾರಿ ತಪ್ಪಿದ ಇರುವೆ ಅಂಚಿಗೆ ಬಂದರೆ ಮಣ್ಣು ಜಾರುತ್ತದೆ, ಇರುವೆಯೂ ಜಾರುತ್ತದೆ. ಇನ್ನೊಬ್ಬಳ ಚೌಕದಲ್ಲಿ ನಾಲ್ಕು ಬಗೆಯ ಹುಲ್ಲು. ಅವಳೇ ಹೆಸರು ಕೊಟ್ಟಳು: ಬಾಲದ ಹುಲ್ಲು, ಚುಚ್ಚು ಹುಲ್ಲು, ವಾಸನೆ ಹುಲ್ಲು, ಹಾವಿನ ಹುಲ್ಲು. ನಿಜವಾದ ಹೆಸರನ್ನು ಆಮೇಲೆ ದನ ಕಾಯುವವರನ್ನು ಕೇಳಿ ಬರೆದುಕೊಂಡೆವು.

ಮೂರು, ನನ್ನ ಮರ. ಒಂದು ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಗೆಳೆಯ ಕೈಹಿಡಿದು ಒಂದು ಮರಕ್ಕೆ ಒಯ್ಯುತ್ತಾನೆ. ಮಗು ತೊಗಟೆ ಸವರುತ್ತದೆ, ಮೂಸುತ್ತದೆ, ತೆಕ್ಕೆ ಹಾಯುತ್ತದೆ. ತಿರುಗಿ ಬಂದ ಮೇಲೆ ಬಟ್ಟೆ ಬಿಚ್ಚಿ, ಆ ಮರವನ್ನು ಹುಡುಕಬೇಕು. ಇದು ನನ್ನ ಕಲ್ಪನೆಯಲ್ಲ. ಜೋಸೆಫ್ ಕಾರ್ನೆಲ್ ಎಂಬ ಅಮೆರಿಕದ ಶಿಕ್ಷಕರು 1979ರಲ್ಲಿ ಮಕ್ಕಳ ನಿಸರ್ಗ ಆಟಗಳ ಬಗ್ಗೆ ಒಂದು ಪುಸ್ತಕ ತಂದರು, ಅದರಿಂದ ಜಗತ್ತಿನ ತುಂಬ ಹರಡಿದ ಆಟ. ಆದರೆ ಇದರ ಫಲ ನಾನು ಕಣ್ಣಾರೆ ಕಂಡದ್ದು. ತನ್ನ ಮರವನ್ನು ಕಂಡುಹಿಡಿದ ಮಗು ಮುಂದಿನ ಸಲ ಬಂದಾಗ ಮೊದಲು ಅಲ್ಲಿಗೇ ಓಡುತ್ತದೆ.

ನಾಲ್ಕು, ಹೆಜ್ಜೆ ಓದುವುದು. ಗುಡ್ಡದಲ್ಲಿ ಚಿರತೆ, ತೋಳ, ಕತ್ತೆಕಿರುಬ, ಕೊಂಡುಕುರಿ ಇವೆ. ಹಗಲಿನಲ್ಲಿ ಕಾಣುವುದು ಅಪರೂಪ, ಗುರುತು ಮಾತ್ರ ಕಾಣುತ್ತದೆ. ತೋಳದ ಹೆಜ್ಜೆಯಲ್ಲಿ ಉಗುರಿನ ಗೀರು ಮೂಡುತ್ತದೆ. ಚಿರತೆ ಉಗುರನ್ನು ಒಳಗೆ ಎಳೆದುಕೊಂಡು ನಡೆಯುವುದರಿಂದ ಮೂಡುವುದಿಲ್ಲ. ಕತ್ತೆಕಿರುಬ ಎಲುಬು ತಿನ್ನುವುದರಿಂದ ಅದರ ಲದ್ದಿ ಒಣಗಿದಾಗ ಸುಣ್ಣದ ಹಾಗೆ ಬೆಳ್ಳಗೆ. ನಾಲ್ಕು ಕೊಂಬಿನ ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಇದನ್ನು ತಿಳಿದ ಮಕ್ಕಳಿಗೆ ‘ಗುಡ್ಡದಾಗ ಏನೂ ಇಲ್ಲ’ ಎಂದು ಯಾರೂ ನಂಬಿಸಲಾರರು.

ಐದು, ಮಣ್ಣಿನ ಬಣ್ಣ. ಗುಡ್ಡದ ಮಣ್ಣು ತರುವಂತಿಲ್ಲ. ಆದ್ದರಿಂದ ಪ್ರತಿ ಮಗುವೂ ತನ್ನ ಮನೆಯ ಹೊಲದ ಮಣ್ಣನ್ನು ಬೊಗಸೆಯಷ್ಟು ತರುತ್ತದೆ. ಎರೆ ಸೀಮೆಯವರದು ಕಪ್ಪು, ಗುಡ್ಡದ ಬದಿಯವರದು ಕೆಂಪು ಮಸಾರಿ, ಕೆಲವರದು ಅರಿಸಿನದ ಹಾಗೆ. ಸೋಸಿ, ಜಾಲಿ ಅಂಟು ಕಲೆಸಿದರೆ ಬಣ್ಣ ಸಿದ್ಧ. ಗುಡ್ಡದ ತಳದಲ್ಲಿ ಕುಳಿತು ಆ ಬಣ್ಣದಿಂದಲೇ ಗುಡ್ಡವನ್ನು ಬರೆಯುತ್ತಾರೆ. ಆಗ ನಾನು ಹೇಳುತ್ತೇನೆ: ಈ ಗುಡ್ಡದ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು. ಇವು ಬಿಸಿಲಿಗೆ ಬಿರಿದು, ಮಳೆಗೆ ಕರಗಿ ಇಳಿದದ್ದೇ ಬುಡದ ಮಸಾರಿ. ಆಗ ಮಗು ಬೊಗಸೆಯನ್ನು ನೋಡಿಕೊಳ್ಳುತ್ತದೆ. ಗುಡ್ಡ ಎಲ್ಲೋ ದೂರದ್ದಲ್ಲ, ಹೊಲಕ್ಕೆ ಬಂದಿದೆ ಎಂದು ತಿಳಿಯುತ್ತದೆ.

ಚಳಿಗಾಲದಲ್ಲಿ ಒಂದು ರವಿವಾರ ಗುಡ್ಡ ಬಿಟ್ಟು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗುತ್ತೇವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಆ ನೀರಿನಲ್ಲಿರುತ್ತವೆ, ಹೊತ್ತು ಇಳಿದ ಮೇಲೆ ಹೊಲಗಳಿಗೆ ಮೇಯಲು ಹೋಗುತ್ತವೆ. ಕೆಲವು ಮಂಗೋಲಿಯಾದಷ್ಟು ದೂರದಿಂದ ಬಂದವು. 2024ರಲ್ಲಿ ಆ ಕೆರೆಗೆ ರಾಮ್ಸರ್ ತಾಣ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಕಡಲೆ, ಶೇಂಗಾ ತಿಂದರೂ ಅವನ್ನು ಓಡಿಸದ ರೈತರನ್ನು ಮಕ್ಕಳಿಗೆ ತೋರಿಸುತ್ತೇನೆ. ದಾಸೋಹ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಗೊತ್ತಿಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಮಠಗಳಲ್ಲಿ, ಶಾಲೆಗಳಲ್ಲಿ ಪರಿಸರ ದಿನ ಬಂತೆಂದರೆ ಬೀಜದುಂಡೆ ಮಾಡಿ ಗುಡ್ಡಕ್ಕೆ ಎಸೆಯುತ್ತೇವೆ. ನಾನೂ ಎಸೆಸಿದ್ದೇನೆ. ಈಗ ಬಿಟ್ಟಿದ್ದೇನೆ. ಮರ ಇಲ್ಲದ ಜಾಗವೆಲ್ಲ ಬರಡಲ್ಲ. ಕಪ್ಪತಗುಡ್ಡದ ಹುಲ್ಲುಗಾವಲು, ಕುರುಚಲು ಕಾಡು ತಾನೇ ಒಂದು ಪೂರ್ಣ ಸಂಸಾರ. ತೋಳಕ್ಕೆ ಬಯಲು ಬೇಕು, ಬಯಲಿನ ಹಕ್ಕಿಗೆ ಹುಲ್ಲು ಬೇಕು. ಗುರುತಿಲ್ಲದ ಬೀಜ ತಂದು ಎಸೆಯುವುದು ಭಕ್ತಿಯಂತೆ ಕಂಡರೂ ಅರಿವಿಲ್ಲದ ಆಚಾರವೇ. ಗಿಡ ನೆಡಬೇಕೆಂದರೆ ನಮ್ಮ ಊರಿನ ರಸ್ತೆ ಬದಿ, ಶಾಲೆಯ ಅಂಗಳ, ಹೊಲದ ಬದು ಖಾಲಿ ಬಿದ್ದಿವೆ.

ಈಗ ಬೆಂಕಿಯ ಮಾತು. ಇದನ್ನು ಹೇಳಲೆಂದೇ ಇಂದು ಬಂದೆ.

ಪ್ರತಿ ಬೇಸಿಗೆ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಬೀಡಿಯ ಕಿಡಿ ಇರಬಹುದು, ಕಿಡಿಗೇಡಿತನ ಇರಬಹುದು. ಬಹಳ ಸಲ, ಒಣಹುಲ್ಲು ಸುಟ್ಟರೆ ಮಳೆ ಬಿದ್ದ ಮೇಲೆ ಎಳೆಹುಲ್ಲು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ. ಚಿಗುರು ಬರುವುದು ನಿಜ. ಆದರೆ ಸಸಿಗಳು ಸಾಯುತ್ತವೆ, ಓತಿಕ್ಯಾತ, ಹಾವು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಬೇಯುತ್ತವೆ. ಹೊದಿಕೆ ಇಲ್ಲದ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಮೇಲ್ಮಣ್ಣು ಹಳ್ಳ ಹಿಡಿದು ಕೆರೆಯ ಹೂಳಾಗುತ್ತದೆ.

ಒಂದು ಏಪ್ರಿಲ್ ತಿಂಗಳು, ಬೆಳಿಗ್ಗೆ ಆರಕ್ಕೆ ಹತ್ತಿದೆವು, ಬಿಸಿಲು ಏರುವುದರೊಳಗೆ ಇಳಿಯುವ ಲೆಕ್ಕ. ನಮ್ಮ ‘ಮೊಳದ ಹೊಲ’ಗಳಿದ್ದ ಇಳಿಜಾರು ಪೂರ್ತಿ ಕಪ್ಪಾಗಿತ್ತು. ಮಕ್ಕಳು ಮಾತಾಡಲಿಲ್ಲ. ಅಲ್ಲೇ ಬಿದ್ದ ಇದ್ದಿಲ ಚೂರು ತೆಗೆದುಕೊಂಡು, ನವೆಂಬರಿನಲ್ಲಿ ಇಲ್ಲಿ ಏನಿತ್ತೋ ಅದನ್ನು ನೆನಪಿನಿಂದ ಬರೆಯಿರಿ ಎಂದೆ. ಎಲ್ಲರೂ ಬರೆದರು. ಎಂಟನೆಯ ತರಗತಿಯ ಒಬ್ಬ ಹುಡುಗ ಮಾತ್ರ ಬರೆಯಲಿಲ್ಲ. ಪಕ್ಕಕ್ಕೆ ಹೋಗಿ ಕೇಳಿದೆ. ತಲೆ ಎತ್ತದೆ ಹೇಳಿದ: “ಸರ, ಹ್ವಾದ ವರ್ಷ ಆ ಕಡೆ ಗುಡ್ಡಕ್ಕ ಹಚ್ಚಿದಾಂವ ನಾನ ರೀ.”

ಹಿಂದೆ ಗಾರ್ಡ್ ನಿಂತಿದ್ದರು. ಅವರಿಗೂ ಕೇಳಿಸಿತ್ತು. ನನ್ನ ಎದೆ ಝಲ್ಲೆಂದಿತು. ಇದು ಅಪರಾಧ. ಅವರು ಹುಡುಗನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. “ಅವತ್ತ ಗಾಳಿ ಯಾ ಕಡೆ ಇತ್ತೋ ತಮ್ಮಾ?” ಎಂದು ಕೇಳಿದರು. ಹುಡುಗ ಕೈ ತೋರಿಸಿದ. “ಅದಕ್ಕ ನಾವು ಮೂರು ಮಂದಿ ರಾತ್ರಿ ಎಲ್ಲಾ ಹಸಿ ಟೊಂಗಿ ಹಿಡದು ಬಡದ್ವಿ” ಎಂದು ತಮ್ಮ ಮೊಣಕೈಯ ಸುಟ್ಟ ಗಾಯದ ಕಲೆ ತೋರಿಸಿದರು. ಹುಡುಗ ಅತ್ತುಬಿಟ್ಟ. ಮುಂದಿನ ಜನವರಿಯಲ್ಲಿ ಇಲಾಖೆಯವರು ಬೆಂಕಿ ಹರಡದಂತೆ ಹುಲ್ಲು ಸವರಿ ದಾರಿ ಮಾಡುವಾಗ ಆ ಹುಡುಗ ಎರಡು ದಿನ ಅವರ ಜೊತೆ ಇದ್ದ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಹುಡುಗನ ಮನೆಗೆ ಹೋದೆ, ತಂದೆಗೆ ಬುದ್ಧಿ ಹೇಳಬೇಕೆಂದು. ಆತ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ನೀರು ಕೊಟ್ಟು, ಕೇಳಿದ: “ಗುಡ್ಡಾ ಉಳಸ್ರಿ ಸರ, ಬ್ಯಾಡ ಅನ್ನೂದಿಲ್ಲ. ಒಳಗ ದನಾ ಬಿಡಬ್ಯಾಡ ಅಂತೀರಿ. ಶಿವರಾತ್ರಿಯಿಂದ ಮಳಿಗಾಲದ ತನಕ ನನ್ನ ನಾಕು ದನ ಏನ ತಿನ್ನಬೇಕು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಲ ಇಲ್ಲದ ಮನೆ ಅದು. ನಾವು ಧರಣಿ ಕುಳಿತು ಗೆದ್ದೆವು. ಆ ಗೆಲುವಿನ ಬೆಲೆಯನ್ನು ಪ್ರತಿ ಬೇಸಿಗೆ ತೆರುತ್ತಿರುವವನು ಆತ. ಆ ವರ್ಷವೂ ಗುಡ್ಡದ ಇನ್ನೊಂದು ಮಗ್ಗಲು ಸುಟ್ಟಿತು.

ಬಂಧುಗಳೇ, ಇದಕ್ಕೇ ನನ್ನ ಬೇಡಿಕೆ. ಎಡೆಯೂರು, ಡಂಬಳ, ಗದಗ ಎಂದು ನಮ್ಮ ಪೀಠದ ಹೆಸರು ಹೇಳುತ್ತೇವೆ. ಆ ಡಂಬಳ ಇರುವುದು ಇದೇ ಗುಡ್ಡದ ಮಗ್ಗುಲಲ್ಲಿ. ಮಠದ ದಾಸೋಹಕ್ಕೆ ಜೋಳ, ಬೇಳೆ, ಬೆಲ್ಲ ಕೊಡುವ ಭಕ್ತರು ನಾವು. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದ ಜೋಳದ ಕಣಿಕೆ ಬಣವೆ ಒಟ್ಟುತ್ತೇವೆ. ಹೊಲ ಇರುವ ಪ್ರತಿ ಮನೆಯಿಂದ ಹತ್ತು ಸಿವುಡು ಕಣಿಕೆ, ಫೆಬ್ರುವರಿ ತಿಂಗಳಲ್ಲಿ, ಗುಡ್ಡದ ಬುಡದ ಊರುಗಳ ಹೊಲ ಇಲ್ಲದವರ ದನಕ್ಕೆ. ಅಷ್ಟೇ. ಅದನ್ನು ಭಿಕ್ಷೆ ಎಂದು ಕೊಡುವುದು ಬೇಡ. ಗುಡ್ಡ ನಮಗೆ ಮಣ್ಣು ಕೊಟ್ಟಿದೆ, ನೀರು ಕೊಟ್ಟಿದೆ, ಅದನ್ನು ಕಾಯುವವರ ದನಕ್ಕೆ ಮೇವು ಕೊಡುವುದು ಸಾಲ ತೀರಿಸಿದಂತೆ. ಕೊಡಲು ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಗಿಡದ ಹೆಸರು, ಹುಲ್ಲಿನ ಹೆಸರು ಗೊತ್ತಿರುವವರು ಆ ಕಟ್ಟೆಗಳ ಮೇಲೆಯೇ ಇದ್ದಾರೆ. ನಮ್ಮ ನಡಿಗೆಗೆ ಅವರೇ ಗುರುಗಳಾಗಲಿ ಎಂಬುದು ನನ್ನ ಆಸೆ. ಮೂವರು ಆಗಲೇ ಒಪ್ಪಿದ್ದಾರೆ, ಆ ಹುಡುಗನ ತಂದೆಯೂ ಒಬ್ಬ.

ಗುಡ್ಡವನ್ನು ಪೂಜಿಸಿರಿ ಎಂದು ನಾನು ಹೇಳುತ್ತಿಲ್ಲ. ಕೈಮುಗಿದು, ಕಾಯಿ ಒಡೆದು, ಪ್ಲಾಸ್ಟಿಕ್ ಚೀಲ ಅಲ್ಲೇ ಬಿಟ್ಟು ಇಳಿಯುವುದು ಸುಲಭ. ಶರಣರು ಕಾಯಕದವರು. ನೂಲಿನ ಗುಣ, ತೊಗಲಿನ ಗುಣ, ಹುಟ್ಟು ಹಾಕುವ ಹೊಳೆಯ ಗುಣ ಕೈಯಿಂದ ತಿಳಿದವರು. ಅವರ ವಾರಸುದಾರರು ನಾವೆಂದರೆ ನಮ್ಮ ಬಾಗಿಲಿನ ಗುಡ್ಡವನ್ನು ಕಾಲಿನಿಂದ ತಿಳಿಯಬೇಕು.

ಅಂದು ಧರಣಿಯಲ್ಲಿ ಪ್ರಶ್ನೆ ಕೇಳಿದ ಆ ಹುಡುಗಿ ಈಗ ಮುಂಡರಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹೋದ ತಿಂಗಳು ತನ್ನ ಮಕ್ಕಳನ್ನು ಕರೆದುಕೊಂಡು ನಡಿಗೆಗೆ ಬಂದಿದ್ದಳು. ದಾರಿಯಲ್ಲಿ ಒಂದು ಪೊದೆ ತೋರಿಸಿ, “ಸರ, ಇದರ ಹೆಸರೇನ್ರಿ?” ಎಂದು ನನ್ನನ್ನು ಪರೀಕ್ಷೆ ಮಾಡಿದಳು. ಬಂದರಿಕೆ ಎಂದೆ. ಪಾಸಾದೆ. ಮುಂದಿನ ಪೊದೆ ತೋರಿಸಿದಳು. ಗೊತ್ತಿರಲಿಲ್ಲ. ಅವಳ ವಿದ್ಯಾರ್ಥಿಯೊಬ್ಬ ಹೇಳಿದ, ಬರೆದುಕೊಂಡೆ.

ಮುಂದಿನ ನಡಿಗೆ ಬರುವ ತಿಂಗಳ ಮೊದಲ ರವಿವಾರ. ಇಪ್ಪತ್ತು ಮಕ್ಕಳಿಗೆ ಮಾತ್ರ ಜಾಗ. ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಬಾಟಲಿ ನೀರು, ನಿಮ್ಮ ಹೊಲದ ಒಂದು ಬೊಗಸೆ ಮಣ್ಣು. ಕಣಿಕೆ ಕೊಡುವವರು ಇಂದು ಹೋಗುವ ಮುಂಚೆ ದಾಸೋಹದ ಬಾಗಿಲಲ್ಲಿ ಹೆಸರು ಬರೆಸಿರಿ.